ಥೈರಾಯ್ಡ್, ಮುರಿದ ಡಿಎನ್ಎ, ಹೃದಯ: ಒಂದೇ ತಲೆಬರಹದಲ್ಲಿ ಎರಡು ಸುದ್ದಿ

‘ಥೈರಾಯ್ಡ್ ಕಡಿಮೆ ಇರುವವರಲ್ಲಿ ಜೆನೆಟಿಕ್ ಹಾನಿ ಜಾಸ್ತಿ, ಹೃದಯಕ್ಕೂ ಅಪಾಯ’ ಅನ್ನುವ ಧಾಟಿಯ ಸುದ್ದಿ ಆಗಾಗ ಬರುತ್ತಿರುತ್ತದೆ. ಓದಿದ ಕೆಲವರು ಗಾಬರಿಯಾಗುತ್ತಾರೆ. ಇನ್ನು ಕೆಲವರು ‘ಇದೂ ಒಂದು ಬಾಕಿ ಇತ್ತು’ ಅಂತ ಪಕ್ಕಕ್ಕೆ ಸರಿಸುತ್ತಾರೆ.

ಗಾಬರಿಯಾಗುವವರನ್ನು ತಪ್ಪು ಅನ್ನುವ ಹಾಗಿಲ್ಲ. ದಿನಾ ಬೆಳಗ್ಗೆ ಒಂದು ಸಣ್ಣ ಮಾತ್ರೆ ನುಂಗಿ ಮರೆತುಬಿಡುವ ಕಾಯಿಲೆ ಇದು. ಅದರ ಪಕ್ಕಕ್ಕೆ ಇದ್ದಕ್ಕಿದ್ದಂತೆ ಡಿಎನ್ಎ, ಹೃದಯ ಅನ್ನುವ ಎರಡು ಭಾರದ ಪದ ಬಂದು ಕೂತರೆ ಪ್ರಶ್ನೆಗಳು ಸಾಲಾಗಿ ಏಳುತ್ತವೆ. ಇದು ಮಕ್ಕಳಿಗೂ ಹೋಗುತ್ತಾ? ಕ್ಯಾನ್ಸರ್ ಆಗುತ್ತಾ? ಮಾತ್ರೆ ತಗೊಳ್ತಿದ್ದರೂ ಸಾಲಲ್ವಾ?

ಈ ಸುದ್ದಿಯೊಳಗೆ ಎರಡು ಬೇರೆಬೇರೆ ಸಂಗತಿ ಇವೆ. ಹೃದಯದ್ದು ನೂರು ವರ್ಷ ಹಳೆಯದು, ಗಟ್ಟಿ ಆಧಾರ ಇರುವುದು, ಬಹುಪಾಲು ಚಿಕಿತ್ಸೆಗೆ ಬಗ್ಗುವುದು. ಡಿಎನ್ಎದು ಹೊಸದು, ಕುತೂಹಲದ್ದು, ಆದರೆ ಇನ್ನೂ ಕಾಯಿ. ತಲೆಬರಹದಲ್ಲಿ ಕಾಯಿಯೇ ಮುಂದೆ ಬರುತ್ತದೆ, ಹಣ್ಣು ಹಿಂದೆ ಉಳಿಯುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ.

## ಥೈರಾಯ್ಡ್ ಕಡಿಮೆ, ಟಿಎಸ್‌ಎಚ್ ಜಾಸ್ತಿ

ಕತ್ತಿನ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಇರುವ ಗ್ರಂಥಿ ಥೈರಾಯ್ಡ್. ತೂಕ ಸುಮಾರು 20 ಗ್ರಾಂ. ಅದು ಮುಖ್ಯವಾಗಿ ಎರಡು ಹಾರ್ಮೋನು ಮಾಡುತ್ತದೆ. ಟಿ4 ದಾಸ್ತಾನು ಇದ್ದ ಹಾಗೆ. ಟಿ3 ನಿಜವಾದ ಕೆಲಸಗಾರ. ದೇಹದ ಬೇರೆಬೇರೆ ಭಾಗಗಳು ಟಿ4ನಿಂದ ಒಂದು ಅಯೋಡಿನ್ ಪರಮಾಣು ಕಳಚಿ ತಮಗೆ ಬೇಕಾದ ಟಿ3 ಮಾಡಿಕೊಳ್ಳುತ್ತವೆ.

ಇದರ ಮೇಲ್ವಿಚಾರಣೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಹಾರ್ಮೋನು ಸಾಲುತ್ತಿಲ್ಲ ಅನ್ನಿಸಿದರೆ ಅದು ಟಿಎಸ್‌ಎಚ್ ಅನ್ನುವ ಇನ್ನೊಂದು ಹಾರ್ಮೋನು ಕಳಿಸುತ್ತದೆ, ‘ಇನ್ನಷ್ಟು ಮಾಡು’ ಅಂತ. ಥೈರಾಯ್ಡ್ ಸೋತಷ್ಟೂ ಈ ಕೂಗು ಜೋರಾಗುತ್ತದೆ. ‘ನಂಗೆ ಥೈರಾಯ್ಡ್ ಜಾಸ್ತಿ ಆಗಿದೆ, ರಿಪೋರ್ಟಲ್ಲಿ 12 ಬಂದಿದೆ’ ಅಂತ ಬಹಳ ಜನ ಹೇಳುತ್ತಾರೆ. ಅವರಿಗೆ ಆಗಿರುವುದು ಅದರ ಉಲ್ಟಾ. 12 ಅನ್ನುವುದು ಕೂಗಿನ ಜೋರು. ಕೆಲಸ ಕಡಿಮೆಯಾಗಿದೆ ಅಂತಲೇ ಅಷ್ಟು ಕೂಗು.

ಹೆಚ್ಚಿನ ಲ್ಯಾಬ್‌ಗಳಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರವರೆಗೆ ಇದ್ದರೆ ಸರಿ. ಟಿಎಸ್‌ಎಚ್ ಏರಿ, ಟಿ4 ಕೂಡ ಕೆಳಗಿಳಿದಿದ್ದರೆ ಅದು ಪೂರ್ಣ ಪ್ರಮಾಣದ ಹೈಪೋಥೈರಾಯ್ಡ್. ಟಿಎಸ್‌ಎಚ್ ಏರಿದ್ದೂ ಟಿ4 ಸರಿಯಾಗಿಯೇ ಇದ್ದರೆ ಅದಕ್ಕೆ ಸಬ್‌ಕ್ಲಿನಿಕಲ್ ಅನ್ನುತ್ತಾರೆ. ಆಡುಮಾತಿನಲ್ಲಿ ಬಾರ್ಡರ್‌ಲೈನ್. ಇವೆರಡರ ನಡುವಿನ ಗೆರೆ ನೆನಪಿಟ್ಟುಕೊಳ್ಳಿ. ಸುದ್ದಿಗಳು ಮೊದಲು ಅಳಿಸುವುದು ಇದೇ ಗೆರೆಯನ್ನು.

ಗ್ರಂಥಿ ಸೋಲಲು ಕಾರಣ ಹಲವು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಸಾಮಾನ್ಯ ಕಾರಣ ಹಶಿಮೊಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ್ದು. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಥೈರಾಯ್ಡ್ ಮೇಲೆ ತಿರುಗಿಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಈ ಬಿಳಿ ರಕ್ತಕಣಗಳು ಮುಂದೆ ಮತ್ತೆ ಬರುತ್ತವೆ.

## ಜೆನೆಟಿಕ್ ಅಂದರೆ ವಂಶದ್ದು ಅಂತಲ್ಲ

ಜೆನೆಟಿಕ್ ಅಂದ ಕೂಡಲೇ ನಮಗೆ ಹೊಳೆಯುವುದು ಅಪ್ಪ ಅಮ್ಮನಿಂದ ಬಂದದ್ದು, ಮಕ್ಕಳಿಗೆ ಹೋಗುವುದು. ಈ ಅಧ್ಯಯನಗಳಲ್ಲಿ ಆ ಪದಕ್ಕೆ ಆ ಅರ್ಥ ಇಲ್ಲ. ಅಲ್ಲಿ ನೋಡುವುದು ರಕ್ತದಲ್ಲಿರುವ ಕೋಶಗಳ ಡಿಎನ್ಎ ಎಳೆ ಎಷ್ಟು ಕಡೆ ಮುರಿದಿದೆ ಅಂತ, ಅಷ್ಟೇ.

ಡಿಎನ್ಎ ಮುರಿಯುವುದು ವಿಶೇಷ ಘಟನೆಯೇನೂ ಅಲ್ಲ. ಪೂರ್ತಿ ಆರೋಗ್ಯವಾಗಿರುವವರ ಒಂದೊಂದು ಕೋಶಕ್ಕೂ ದಿನಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸಣ್ಣಪುಟ್ಟ ಏಟು ಬೀಳುತ್ತವೆ ಅನ್ನುವುದು ವಿಜ್ಞಾನಿಗಳ ಅಂದಾಜು. ಉಸಿರಾಟದಿಂದ ಬಂದ ಆಮ್ಲಜನಕವನ್ನು ಶಕ್ತಿಗಾಗಿ ಉರಿಸುವಾಗ ಹಾರುವ ಕಿಡಿಗಳೇ ಇದಕ್ಕೆ ದೊಡ್ಡ ಕಾರಣ. ಆದರೆ ಕೋಶದೊಳಗೆ ರಿಪೇರಿ ಮಾಡುವ ಪ್ರೋಟೀನುಗಳ ದಂಡೇ ಇದೆ. ಮುರಿದದ್ದನ್ನು ಕತ್ತರಿಸಿ, ಹೊಸ ತುಂಡು ಕೂರಿಸಿ, ಬೆಸುಗೆ ಹಾಕುತ್ತವೆ. ಈ ರಿಪೇರಿ ಹೇಗೆ ನಡೆಯುತ್ತದೆ ಅಂತ ತೋರಿಸಿದ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಬಂತು.

ಹಾಗಾಗಿ ‘ಹಾನಿ ಜಾಸ್ತಿ ಇದೆ’ ಅನ್ನುವುದಕ್ಕೆ ಎರಡು ಅರ್ಥ ಸಾಧ್ಯ. ಏಟು ಜಾಸ್ತಿ ಬೀಳುತ್ತಿರಬಹುದು, ಇಲ್ಲವೇ ರಿಪೇರಿ ನಿಧಾನವಾಗಿರಬಹುದು. ತೊಟ್ಟಿಯಲ್ಲಿ ನೀರು ಏರಿದರೆ ನಲ್ಲಿ ಜೋರಾಗಿ ಬಿಟ್ಟಿದೆಯೋ, ಕೆಳಗಿನ ತೂತು ಕಟ್ಟಿಕೊಂಡಿದೆಯೋ ಅಂತ ನೀರಿನ ಮಟ್ಟ ನೋಡಿದರೆ ಗೊತ್ತಾಗಲ್ಲ ಅಲ್ವಾ? ಇದೂ ಹಾಗೆಯೇ.

ಇನ್ನೊಂದು ವ್ಯತ್ಯಾಸವೂ ಇದೆ. ಮುರಿದ ಎಳೆ ಸರಿಯಾಗಿ ಬೆಸೆದರೆ ಗುರುತೇ ಉಳಿಯುವುದಿಲ್ಲ. ತಪ್ಪಾಗಿ ಬೆಸೆದಾಗ ಮಾತ್ರ ಅದು ಮ್ಯುಟೇಶನ್, ಅಂದರೆ ಬರಹದಲ್ಲೇ ಕಾಯಂ ತಪ್ಪು. ಆ ತಪ್ಪೂ ರಕ್ತದ ಕೋಶದಲ್ಲಿ ಆಗಿದ್ದರೆ ಮಕ್ಕಳಿಗೆ ಹೋಗುವುದಿಲ್ಲ. ಹೋಗುವುದು ಅಂಡ ಮತ್ತು ವೀರ್ಯದ ಕೋಶಗಳಲ್ಲಿ ಇರುವುದು ಮಾತ್ರ. ಹಶಿಮೊಟೊ ಕಾಯಿಲೆ ಕೆಲವು ಕುಟುಂಬಗಳಲ್ಲಿ ಜಾಸ್ತಿ ಕಾಣಿಸುವುದು ನಿಜ. ಅದು ಹುಟ್ಟಿನಿಂದ ಬಂದ ಒಲವು. ಈ ಸುದ್ದಿಯ ‘ಹಾನಿ’ಗೂ ಅದಕ್ಕೂ ಸಂಬಂಧ ಇಲ್ಲ.

## ಸ್ಲೈಡಿನ ಮೇಲೆ ಧೂಮಕೇತು

ಮುರಿದ ಡಿಎನ್ಎಯನ್ನು ನೋಡುವುದು ಹೇಗೆ? ಈ ಬಗೆಯ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸುವುದು ಕಾಮೆಟ್ ಪರೀಕ್ಷೆ. 1984ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದಕ್ಕೆ ದಾರಿ ಮಾಡಿದರು. 1988ರಲ್ಲಿ ಕ್ಷಾರದ ದ್ರಾವಣ ಬಳಸುವ ಈಗಿನ ರೂಪ ಬಂತು. ಕೆಲಸ ನೋಡಲು ಚೆಂದ.

ರಕ್ತದಿಂದ ಬಿಳಿಯ ಕೋಶಗಳನ್ನು ಬೇರೆ ಮಾಡುತ್ತಾರೆ. ಅಗರೋಸ್ ಅನ್ನುವ ತೆಳು ಜೆಲ್ಲಿಯಲ್ಲಿ ಕಲಸಿ ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ಉಪ್ಪು ಮತ್ತು ಸೋಪಿನಂಥ ದ್ರಾವಣದಲ್ಲಿ ಅದ್ದಿದಾಗ ಕೋಶದ ಹೊದಿಕೆ ಕರಗಿ ಡಿಎನ್ಎ ಉಂಡೆ ಮಾತ್ರ ಜೆಲ್ಲಿಯೊಳಗೆ ಉಳಿಯುತ್ತದೆ. ಆಮೇಲೆ ಕರೆಂಟು ಹಾಯಿಸುತ್ತಾರೆ. ಡಿಎನ್ಎಗೆ ಋಣ ವಿದ್ಯುತ್ತಿನ ಗುಣ, ಹಾಗಾಗಿ ಅದಕ್ಕೆ ಧನ ತುದಿಯ ಕಡೆಗೆ ಸೆಳೆತ. ಗಟ್ಟಿಯಾಗಿರುವ ಡಿಎನ್ಎ ಜಾಗ ಬಿಟ್ಟು ಕದಲುವುದಿಲ್ಲ. ಮುರಿದ ತುಂಡುಗಳು, ಸಡಿಲಾದ ಕುಣಿಕೆಗಳು ಮಾತ್ರ ಹೊರಗೆ ಹರಿಯುತ್ತವೆ. ಹೊಳೆಯುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಾನಿಯಾಗದ ಕೋಶ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಕಾಣುತ್ತದೆ. ಹಾನಿಯಾದದ್ದಕ್ಕೆ ಮಸುಕಾದ ಬಾಲ. ಅದಕ್ಕೇ ಕಾಮೆಟ್, ಅಂದರೆ ಧೂಮಕೇತು, ಅನ್ನುವ ಹೆಸರು. ಸ್ಲೈಡಿಗೆ 50, 100 ಕೋಶ ಹುಡುಕಿ ಬಾಲದ ಉದ್ದ ಅಳೆಯುತ್ತಾರೆ, ಬಾಲದಲ್ಲಿ ಎಷ್ಟು ಡಿಎನ್ಎ ಇದೆ ಅಂತ ಲೆಕ್ಕ ಹಾಕುತ್ತಾರೆ.

ಚೆಂದದ ಪರೀಕ್ಷೆ, ಆದರೆ ತುಂಬಾ ಚಂಚಲ. ಸಿಗರೇಟು, ವಯಸ್ಸು, ಹಿಂದಿನ ದಿನದ ಭಾರಿ ವ್ಯಾಯಾಮ, ರಕ್ತವನ್ನು ಎಷ್ಟು ಹೊತ್ತು ಇಟ್ಟರು, ಕರೆಂಟು ಎಷ್ಟು ನಿಮಿಷ ಹಾಯಿತು, ಎಲ್ಲವೂ ಬಾಲದ ಉದ್ದ ಬದಲಿಸುತ್ತವೆ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ನೇರವಾಗಿ ಇಡುವ ಹಾಗಿಲ್ಲ. ಸುದ್ದಿಗಳಲ್ಲಿ ಎಂದೂ ಬಾರದ ಒಂದು ಮಾತೂ ಇದೆ: ರಿಪೇರಿ ನಡೆಯುತ್ತಿರುವಾಗ ಆ ಪ್ರೋಟೀನುಗಳು ಎಳೆಯನ್ನು ಬೇಕಂತಲೇ ಕತ್ತರಿಸುತ್ತವಲ್ಲ, ಆ ಕತ್ತರಿಸಿದ ಜಾಗವೂ ಬಾಲವಾಗಿಯೇ ಕಾಣುತ್ತದೆ. ಅಂದರೆ ಬಾಲದ ಒಂದಂಶ ಹಾನಿಯದ್ದಲ್ಲ, ದುರಸ್ತಿಯದ್ದಿರಬಹುದು.

## ಹೃದಯದ ವಿಷಯ ಹಳೆಯದು

ಈಗ ಸುದ್ದಿಯ ಇನ್ನೊಂದು ಅರ್ಧಕ್ಕೆ ಬರೋಣ.

1891ರಲ್ಲಿ ಇಂಗ್ಲೆಂಡಿನ ಯುವ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಪೂರ್ತಿ ಸೋತಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ಸಾರವನ್ನು ಇಂಜೆಕ್ಷನ್ ಕೊಟ್ಟರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. 1918ರಲ್ಲಿ ಜರ್ಮನಿಯ ಹರ್ಮನ್ ಝೊಂಡೆಕ್ ಇಂಥ ರೋಗಿಗಳ ಹೃದಯದ ಬಗ್ಗೆಯೇ ಬರೆದರು. ಹೃದಯ ಹಿಗ್ಗಿರುತ್ತದೆ, ಬಡಿತ ನಿಧಾನ, ಥೈರಾಯ್ಡ್ ಸಾರ ಕೊಟ್ಟರೆ ಮತ್ತೆ ಹತೋಟಿಗೆ ಬರುತ್ತದೆ ಅಂತ. ಡಿಎನ್ಎ ಹೇಗಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು 1953ರಲ್ಲಿ. ಅದಕ್ಕೂ 35 ವರ್ಷ ಮೊದಲೇ ಥೈರಾಯ್ಡ್-ಹೃದಯದ ನಂಟು ಕಾಗದದ ಮೇಲೆ ಇತ್ತು.

ನಂಟು ಹೇಗೆ ಬೆಳೆಯುತ್ತದೆ ಅನ್ನುವುದೂ ಈಗ ಚೆನ್ನಾಗಿ ಗೊತ್ತಿದೆ. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ಸಡಿಲವಾಗಬೇಕು. ಅದಕ್ಕೆ ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಅನ್ನು ಒಂದು ಪಂಪು ಎಳೆದುಕೊಳ್ಳಬೇಕು. ಆ ಪಂಪಿನ ತಯಾರಿಗೆ ಟಿ3ಯ ಅಪ್ಪಣೆ ಬೇಕು. ಟಿ3 ಇಳಿದರೆ ಪಂಪು ಕಡಿಮೆ, ಹೃದಯ ಪೂರ್ತಿ ಸಡಿಲಾಗುವುದಿಲ್ಲ, ಒಳಗೆ ರಕ್ತ ಸರಿಯಾಗಿ ತುಂಬುವುದಿಲ್ಲ. ಮೆಟ್ಟಿಲು ಹತ್ತುವಾಗ ಬರುವ ಸುಸ್ತಿಗೆ ಇದೂ ಒಂದು ಕಾರಣ. ರಕ್ತನಾಳಗಳೂ ಬಿಗಿಯಾಗುತ್ತವೆ. ಆಗ ಬಿಪಿಯ ಕೆಳಗಿನ ಅಂಕಿ ಏರುತ್ತದೆ.

ಮುಖ್ಯ ಕಥೆ ಇರುವುದು ಲಿವರ್‌ನಲ್ಲಿ. ರಕ್ತದಲ್ಲಿ ತೇಲುವ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲನ್ನು ಲಿವರ್ ಕೋಶಗಳು ಕೈ ಚಾಚಿ ಒಳಗೆಳೆದುಕೊಳ್ಳುತ್ತವೆ. ಎಷ್ಟು ಕೈ ಇರಬೇಕು ಅಂತ ಹೇಳುವವರಲ್ಲಿ ಟಿ3 ಕೂಡ ಒಂದು. ಟಿ3 ಕಡಿಮೆಯಾದರೆ ಕೈ ಕಡಿಮೆ, ರಕ್ತದಲ್ಲಿ ಎಲ್‌ಡಿಎಲ್ ಉಳಿದುಬಿಡುತ್ತದೆ, ವರ್ಷಗಟ್ಟಲೆ ನಾಳಗಳ ಗೋಡೆಗೆ ಸೇರುತ್ತಾ ಹೋಗುತ್ತದೆ. ಊಟದಲ್ಲಿ ಎಷ್ಟೇ ಪಥ್ಯ ಮಾಡಿದರೂ ಕೊಲೆಸ್ಟ್ರಾಲ್ ಇಳಿಯುತ್ತಿಲ್ಲ ಅನ್ನುವವರ ಟಿಎಸ್‌ಎಚ್ ನೋಡಬೇಕು ಅಂತ ವೈದ್ಯರು ಹೇಳುವುದು ಇದಕ್ಕೇ.

## 5ಕ್ಕೂ 15ಕ್ಕೂ ಒಂದೇ ಅಪಾಯ ಅಲ್ಲ

ಸರಿ, ಅಪಾಯ ಎಷ್ಟು? 2010ರಲ್ಲಿ ಅಮೆರಿಕದ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ 11 ಅಧ್ಯಯನಗಳನ್ನು ಒಟ್ಟುಗೂಡಿಸಿದ ದೊಡ್ಡ ಲೆಕ್ಕ ಬಂತು. ಅದರಲ್ಲಿ 55,287 ಜನ ಇದ್ದರು. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ಏರಿದ್ದವರನ್ನು ಗುಂಪು ಮಾಡಿ ನೋಡಿದರು. ಟಿಎಸ್‌ಎಚ್ 10ರಿಂದ 20ರೊಳಗೆ ಇದ್ದವರಲ್ಲಿ ಹೃದಯದ ರಕ್ತನಾಳದ ತೊಂದರೆ, ಸರಿ ಇದ್ದವರಿಗೆ ಹೋಲಿಸಿದರೆ 1.89 ಪಟ್ಟು. 4.5ರಿಂದ 7ರೊಳಗೆ ಇದ್ದವರಲ್ಲಿ? 1.00. ಅಂದರೆ ವ್ಯತ್ಯಾಸವೇ ಇಲ್ಲ. ಹೃದಯ ವೈಫಲ್ಯದ ಬಗ್ಗೆ 2012ರಲ್ಲಿ ಬಂದ ಇದೇ ಬಗೆಯ ಲೆಕ್ಕವೂ 10ರ ಮೇಲಿನವರ ಕಡೆಗೇ ಬೆರಳು ತೋರಿಸಿತು.

1.89 ಪಟ್ಟು ಅಂದರೆ ಕೇಳಲು ದೊಡ್ಡದು. ಆದರೆ ಯಾವುದರ ಪಟ್ಟು ಅಂತ ಕೇಳಬೇಕು. ಮುಂದಿನ ಹತ್ತು ವರ್ಷದಲ್ಲಿ ನೂರರಲ್ಲಿ 2 ಜನಕ್ಕೆ ತೊಂದರೆ ಬರುವ ಗುಂಪಿನಲ್ಲಿ ಅದು ಹೆಚ್ಚುಕಡಿಮೆ 4 ಆಗುತ್ತದೆ. ನೂರರಲ್ಲಿ 20 ಇದ್ದ ಕಡೆ 38ರ ಹತ್ತಿರ ಹೋಗುತ್ತದೆ. ಹಾಗಾಗಿ ಸಿಗರೇಟು, ಶುಗರ್, ಬಿಪಿ ಇರುವವರಿಗೆ ಇದೇ ಟಿಎಸ್‌ಎಚ್ ಜಾಸ್ತಿ ಭಾರ.

ವಯಸ್ಸಿನ ಲೆಕ್ಕವೂ ಇದೆ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿ ಸ್ವಲ್ಪ ಏರುತ್ತದೆ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ ಥೈರಾಯ್ಡ್ ಕಾಯಿಲೆ ಇಲ್ಲದ 80 ದಾಟಿದವರಲ್ಲಿ ಮೇಲಿನ ಮಿತಿ 7.5ರ ಹತ್ತಿರ ಇತ್ತು. 82 ವರ್ಷದವರ ರಿಪೋರ್ಟಿನಲ್ಲಿ 6.2ರ ಪಕ್ಕ ದಪ್ಪ ಅಕ್ಷರದಲ್ಲಿ ‘ಹೈ’ ಅಂತ ಮುದ್ರಿಸುವ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಒಂದೇ ಮನುಷ್ಯನ ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ ಅನ್ನುವುದೂ ಗೊತ್ತಿಲ್ಲ. ಸ್ವಲ್ಪ ಏರಿದ್ದು ಕೆಲವು ತಿಂಗಳಲ್ಲಿ ತಾನೇ ಸರಿಹೋಗುವುದು ಬಹಳ ಸಾಮಾನ್ಯ. ಅದಕ್ಕೇ ಒಂದೇ ರಿಪೋರ್ಟ್ ನೋಡಿ ಯಾರಿಗೂ ಕಾಯಿಲೆಯ ಹಣೆಪಟ್ಟಿ ಕಟ್ಟಬಾರದು.

## ಡಿಎನ್ಎಗೂ ಹೃದಯಕ್ಕೂ ನಂಟು ಇದೆ ಅನ್ನುವವರ ವಾದ

ಒಂದು ಪಕ್ಷದವರು ಹೇಳುವುದು ಹೀಗೆ. ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಕೊಬ್ಬು ಉಳಿಯುತ್ತದೆ. ಉಳಿದ ಕೊಬ್ಬು ಆಮ್ಲಜನಕದ ಕಿಡಿಗಳಿಗೆ ಸಿಕ್ಕಿ ಕೆಡುತ್ತದೆ. ಕಿಡಿ ಆರಿಸುವ ದೇಹದ ಸ್ವಂತ ವ್ಯವಸ್ಥೆಯೂ ಮಂದವಾಗುತ್ತದೆ. ಆ ಕಿಡಿಗಳು ಡಿಎನ್ಎಗೂ ತಾಗುತ್ತವೆ, ರಕ್ತನಾಳದ ಒಳಪದರಕ್ಕೂ ತಾಗುತ್ತವೆ. ಹಾಗಾಗಿ ಬಿಳಿ ರಕ್ತಕಣದಲ್ಲಿ ಕಾಣುವ ಬಾಲ, ನಾಳದ ಗೋಡೆಯಲ್ಲಿ ನಡೆಯುತ್ತಿರುವುದರ ಸೂಚನೆ.

ಈ ವಾದ ಸುಮ್ನೆ ಗಾಳಿಯಲ್ಲಿ ಗುಂಡು ಹೊಡೆದದ್ದಲ್ಲ. ಬೇರೆ ಕಡೆಯಿಂದ ಇದಕ್ಕೆ ಬೆಂಬಲ ಇದೆ. ಪ್ರೊಜೀರಿಯಾ ಅನ್ನುವ ಅಪರೂಪದ ಕಾಯಿಲೆಯಲ್ಲಿ ಒಂದೇ ಜೀನಿನ ದೋಷದಿಂದ ಡಿಎನ್ಎ ಹಾನಿ ಗುಡ್ಡೆ ಬೀಳುತ್ತದೆ. ಆ ಮಕ್ಕಳು 14–15ರ ಆಸುಪಾಸಿನಲ್ಲಿ ತೀರಿಕೊಳ್ಳುವುದು ಹೆಚ್ಚಾಗಿ ಹೃದಯ ಮತ್ತು ರಕ್ತನಾಳದ ತೊಂದರೆಯಿಂದಲೇ. ಎದೆಗೆ ರೇಡಿಯೇಶನ್ ಕೊಡಿಸಿಕೊಂಡವರಲ್ಲಿ ಎಷ್ಟೋ ವರ್ಷದ ಮೇಲೆ ಹೃದಯದ ತೊಂದರೆ ಜಾಸ್ತಿ ಕಾಣುತ್ತದೆ. 2017ರಲ್ಲಿ ಇನ್ನೊಂದು ಅಚ್ಚರಿಯ ಸಂಗತಿ ಹೊರಬಂತು. ವಯಸ್ಸಾದವರಲ್ಲಿ ರಕ್ತ ತಯಾರಿಸುವ ಕೋಶವೊಂದಕ್ಕೆ ಮ್ಯುಟೇಶನ್ ಆಗಿ, ಅದರ ಸಂತಾನವೇ ರಕ್ತದಲ್ಲಿ ತುಂಬಿಕೊಳ್ಳುವುದುಂಟು. ಅಂಥವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹತ್ತಿರ ಹತ್ತಿರ ಎರಡು ಪಟ್ಟು. ರಕ್ತದ ಡಿಎನ್ಎ ಕೆಟ್ಟರೆ ಹೃದಯ ಕೆಡಬಹುದು ಅನ್ನುವ ದಾರಿ ಹೀಗೆ ತೆರೆದುಕೊಂಡಿತು.

ಆದರೆ ಅದು ಕಾಯಂ ಮ್ಯುಟೇಶನ್. ಕಾಮೆಟ್ ತೋರಿಸುವುದು ಆ ಹೊತ್ತಿನ ಮುರಿತ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದಾಗ ವಾದ ಇರುವುದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ.

## ತಕರಾರು ಎಲ್ಲಿದೆ

ಇನ್ನೊಂದು ಪಕ್ಷದವರ ಪ್ರಶ್ನೆಗಳು ಚೂಪಾಗಿವೆ. ನನಗೆ ಹೆಚ್ಚು ತೂಕದವು ಅನ್ನಿಸುವುದೂ ಇವೇ.

ಇಂಥ ಅಧ್ಯಯನದಲ್ಲಿ ಸಾಮಾನ್ಯವಾಗಿ ಒಂದಷ್ಟು ಹೈಪೋಥೈರಾಯ್ಡ್ ರೋಗಿಗಳ ರಕ್ತವನ್ನು ಒಂದಷ್ಟು ಆರೋಗ್ಯವಂತರ ರಕ್ತದ ಜೊತೆ ಒಮ್ಮೆ ಹೋಲಿಸುತ್ತಾರೆ. ರೋಗಿಗಳಲ್ಲಿ ಬಾಲವೂ ಉದ್ದ, ಕೊಲೆಸ್ಟ್ರಾಲೂ ಜಾಸ್ತಿ, ತೂಕವೂ ಜಾಸ್ತಿ. ಆಮೇಲೆ ಬಾಲಕ್ಕೂ ಹೃದಯದ ಅಪಾಯಕ್ಕೂ ಗೆರೆ ಎಳೆಯುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಥೆ ಇದಾಗಿರಬಹುದು. ಬೊಜ್ಜು ಡಿಎನ್ಎಗೂ ಏಟು ಕೊಡುತ್ತದೆ, ಹೃದಯಕ್ಕೂ ಕೊಡುತ್ತದೆ. ಹಾಗಿದ್ದಾಗ ಬಾಲ ಮತ್ತು ಹೃದಯದ ಅಪಾಯ ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬರಿಂದ ಇನ್ನೊಬ್ಬರು ಹುಟ್ಟಿದ್ದಲ್ಲ.

ಅದಕ್ಕಿಂತ ದೊಡ್ಡ ತಕರಾರು ಸ್ಲೈಡಿನ ಮೇಲೆಯೇ ಇದೆ. ಪರೀಕ್ಷೆಗೆ ಬಳಸುವುದು ಬಿಳಿ ರಕ್ತಕಣಗಳನ್ನು, ಅದರಲ್ಲೂ ಮುಖ್ಯವಾಗಿ ಲಿಂಫೋಸೈಟ್ ಅನ್ನುವ ಬಗೆಯವನ್ನು. ಹಶಿಮೊಟೊ ಕಾಯಿಲೆಯಲ್ಲಿ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿರುವವರು ಯಾರು? ಅದೇ ಲಿಂಫೋಸೈಟುಗಳು. ಹೊಡೆದಾಟದಲ್ಲಿ ನಿರತ ಆಗಿರುವವರ ಅಂಗಿಯ ಮೇಲೆ ಕಲೆ ಕಂಡರೆ ಅದು ಹೊಡೆದಾಟದ್ದೋ, ಹಾರ್ಮೋನಿನ ಕೊರತೆಯದ್ದೋ? ಬೇರ್ಪಡಿಸಬೇಕಾದರೆ ಹಶಿಮೊಟೊ ಇಲ್ಲದೆ ಹೈಪೋಥೈರಾಯ್ಡ್ ಆದವರನ್ನು ನೋಡಬೇಕು, ಉದಾಹರಣೆಗೆ ಆಪರೇಶನ್ನಿನಲ್ಲಿ ಥೈರಾಯ್ಡ್ ತೆಗೆಸಿಕೊಂಡವರನ್ನು. ರೇಡಿಯೋ ಅಯೋಡಿನ್ ಕುಡಿದು ಥೈರಾಯ್ಡ್ ಸುಟ್ಟವರು ಈ ಲೆಕ್ಕಕ್ಕೆ ಬರುವುದಿಲ್ಲ. ರೇಡಿಯೇಶನ್ ತಾನೇ ಡಿಎನ್ಎ ಮುರಿಯುತ್ತದಲ್ಲ.

ಮೂರನೆಯ ತಕರಾರು ತಲೆ ತಿರುಗಿಸುವಂಥದ್ದು. ಹಾರ್ಮೋನು ಕಡಿಮೆಯಾದರೆ ಡಿಎನ್ಎ ಕೆಡುತ್ತದೆ ಅಂದರೆ, ಹಾರ್ಮೋನು ಡಿಎನ್ಎಯನ್ನು ಕಾಯುತ್ತದೆ ಅಂತಾಯ್ತು. ಆದರೆ 2014ರಲ್ಲಿ ಸ್ಪೇನಿನ ತಂಡವೊಂದು ಇದಕ್ಕೆ ಉಲ್ಟಾ ತೋರಿಸಿತು. ಕೆಲವು ಬಗೆಯ ಕೋಶಗಳಿಗೆ ಟಿ3 ಕೊಟ್ಟಾಗ ಶಕ್ತಿ ತಯಾರಿಕೆ ಜೋರಾಗಿ, ಕಿಡಿ ಹೆಚ್ಚಾಗಿ, ಡಿಎನ್ಎ ಮುರಿದು, ಕೋಶಗಳು ಬೇಗ ಮುದಿಯಾದವು. ಥೈರಾಯ್ಡ್ ಅತಿಯಾದವರಲ್ಲೂ ಇಂಥ ಹಾನಿಯ ವರದಿಗಳಿವೆ. ಹಾಗಾದರೆ ಕಡಿಮೆಯಾದರೂ ಹಾನಿ, ಜಾಸ್ತಿಯಾದರೂ ಹಾನಿ. ಒಲೆಯ ಉರಿ ಅತಿಯಾದರೆ ಕಿಡಿ, ಸರಿಯಾಗಿ ಹತ್ತದಿದ್ದರೆ ಹೊಗೆ. ಇದು ನಿಜವಾದರೆ ‘ಥೈರಾಯ್ಡ್ ಕಡಿಮೆ ಆದ್ದರಿಂದ ಜೆನೆಟಿಕ್ ಹಾನಿ’ ಅನ್ನುವ ಸರಳ ವಾಕ್ಯ ಉಳಿಯುವುದಿಲ್ಲ.

## ಮಾತ್ರೆ ತಗೊಂಡರೆ ಹೃದಯ ಉಳಿಯುತ್ತಾ

ಪೂರ್ಣ ಪ್ರಮಾಣದ ಹೈಪೋಥೈರಾಯ್ಡ್ ಇದ್ದವರಿಗೆ ಇಲ್ಲಿ ಚರ್ಚೆಯೇ ಇಲ್ಲ. ಲೆವೋಥೈರಾಕ್ಸಿನ್ ಮಾತ್ರೆ, ಅಂದರೆ ಹೊರಗಿನಿಂದ ಕೊಡುವ ಟಿ4 (ಥೈರಾಕ್ಸಿನ್), ಬೇಕು. ಎಲ್‌ಡಿಎಲ್ ಇಳಿಯುತ್ತದೆ, ನಾಳ ಸಡಿಲಾಗುತ್ತದೆ, ಹೃದಯ ಸುಧಾರಿಸುತ್ತದೆ. ಚರ್ಚೆ ಇರುವುದು ಬಾರ್ಡರ್‌ಲೈನ್‌ನವರ ಬಗ್ಗೆ.

2012ರಲ್ಲಿ ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 40ರಿಂದ 70 ವರ್ಷದೊಳಗಿನ ಬಾರ್ಡರ್‌ಲೈನ್ ಜನರಲ್ಲಿ ಮಾತ್ರೆ ತಗೊಂಡವರಿಗೆ ಹೃದಯದ ತೊಂದರೆ ಕಡಿಮೆ ಅಂತ ಕಂಡಿತು. 70 ದಾಟಿದವರಲ್ಲಿ ಆ ಲಾಭ ಕಾಣಲಿಲ್ಲ. ದಾಖಲೆಯ ಅಧ್ಯಯನ ಅಂದರೆ ಯಾರಿಗೆ ಮಾತ್ರೆ ಅಂತ ವೈದ್ಯರೇ ಆರಿಸಿರುತ್ತಾರೆ. ಚೀಟಿ ಎತ್ತಿದಂತೆ ಹಂಚಿದ್ದಲ್ಲ. ಹಾಗೆ ಹಂಚಿ ನೋಡಿದ ಟ್ರಸ್ಟ್ ಅನ್ನುವ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. 65 ದಾಟಿದ 737 ಜನ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಟಿಎಸ್‌ಎಚ್ ಇಳಿಯಿತು, ಸುಸ್ತು ಇಳಿಯಲಿಲ್ಲ. 2020ರಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದ ಬಾರ್ಡರ್‌ಲೈನ್ ರೋಗಿಗಳಿಗೆ ಒಂದು ವರ್ಷ ಮಾತ್ರೆ ಕೊಟ್ಟು ನೋಡಿದರು. ಹೃದಯ ರಕ್ತ ತಳ್ಳುವ ಶಕ್ತಿಯಲ್ಲಿ ಹುಸಿ ಮಾತ್ರೆಯವರಿಗಿಂತ ಹೆಚ್ಚೇನೂ ಆಗಲಿಲ್ಲ. ಇವೆರಡರ ನಡುವೆ, 2019ರಲ್ಲಿ ಬಿಎಂಜೆ ಪತ್ರಿಕೆಯ ತಜ್ಞರ ತಂಡ ಬಾರ್ಡರ್‌ಲೈನ್‌ನ ಹೆಚ್ಚಿನವರಿಗೆ ಮಾತ್ರೆ ಬೇಡ ಅಂದಿತು. ಗರ್ಭ ಧರಿಸಲು ಪ್ರಯತ್ನಿಸುತ್ತಿರುವವರು, ಟಿಎಸ್‌ಎಚ್ 20 ದಾಟಿದವರು, ತೀವ್ರ ಲಕ್ಷಣ ಇರುವವರು, ತೀರಾ ಚಿಕ್ಕ ವಯಸ್ಸಿನವರು ಈ ಮಾತಿಗೆ ಹೊರತು. ಟಿಎಸ್‌ಎಚ್ 10 ದಾಟಿದರೆ ಚಿಕಿತ್ಸೆ ಯೋಚಿಸಬೇಕು ಅನ್ನುವ ವೈದ್ಯರು ಈಗಲೂ ಬಹಳ. 2010ರ ಆ ಲೆಕ್ಕ ನೋಡಿದರೆ ಅವರ ಮಾತಿನಲ್ಲಿ ಅರ್ಥ ಇದೆ.

‘ಜಾಸ್ತಿ ಹಾರ್ಮೋನು ಕೊಟ್ಟರೆ ಇನ್ನೂ ಒಳ್ಳೆಯದು ತಾನೆ?’ ಅನ್ನುವ ಪ್ರಶ್ನೆಗೆ ಇತಿಹಾಸ ಕಹಿ ಉತ್ತರ ಕೊಟ್ಟಿದೆ. ಸ್ಟ್ಯಾಟಿನ್ ಅನ್ನುವ ಈಗಿನ ಕೊಲೆಸ್ಟ್ರಾಲ್ ಮಾತ್ರೆಗಳು ಬರುವ ಮೊದಲು, ಹಾರ್ಟ್ ಅಟ್ಯಾಕ್ ಆಗಿದ್ದವರ ಕೊಲೆಸ್ಟ್ರಾಲ್ ಇಳಿಸಲು ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರಲ್ಲಿ ಒಂದು ಗುಂಪಿಗೆ ಥೈರಾಕ್ಸಿನ್‌ನ ಕನ್ನಡಿ ರೂಪವಾದ ಡೆಕ್ಸ್ಟ್ರೋಥೈರಾಕ್ಸಿನ್ ಕೊಟ್ಟರು. ಕೊಲೆಸ್ಟ್ರಾಲ್ ಇಳಿಯಿತು. ಆದರೆ ಸಾವು ಹೆಚ್ಚಾಯಿತು. 1970ರ ದಶಕದ ಶುರುವಿನಲ್ಲಿ ಆ ಗುಂಪಿನ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಕೊಲೆಸ್ಟ್ರಾಲಿನ ಅಂಕಿ ಸುಧಾರಿಸಿದ ಮಾತ್ರಕ್ಕೆ ರೋಗಿ ಸುಧಾರಿಸಿದ ಹಾಗಲ್ಲ.

1994ರಲ್ಲಿ ಬಂದ, ಅಮೆರಿಕದ ಊರೊಂದರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ ಲೆಕ್ಕವೂ ಇದೇ ದಿಕ್ಕಿನದು. 60 ದಾಟಿದವರಲ್ಲಿ ಟಿಎಸ್‌ಎಚ್ 0.1ಕ್ಕಿಂತ ಕೆಳಗಿದ್ದವರಿಗೆ ಹತ್ತು ವರ್ಷದಲ್ಲಿ ಹೃದಯದ ಬಡಿತ ಲಯ ತಪ್ಪುವ ಸಾಧ್ಯತೆ ಸುಮಾರು ಮೂರು ಪಟ್ಟು. ಮಾತ್ರೆಯ ಡೋಸು ಅತಿಯಾದರೆ ಟಿಎಸ್‌ಎಚ್ ಅಲ್ಲಿಗೇ ಇಳಿಯುತ್ತದೆ. ಈಗಾಗಲೇ ಹೃದಯದ ತೊಂದರೆ ಇರುವವರಿಗೆ ವೈದ್ಯರು 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುವುದೂ ಇದಕ್ಕೆ. ಸಪೂರವಾದ ನಾಳ ಇಟ್ಟುಕೊಂಡು ಹೃದಯವನ್ನು ಒಮ್ಮೆಲೇ ಓಡಿಸಿದರೆ ಎದೆನೋವು ಬರುತ್ತದೆ.

## ಸುದ್ದಿಯ ಹಿಂದೆಯೇ ಬರುವ ಮಾತ್ರೆಗಳು

ಇಂಥ ಸುದ್ದಿಯ ನೇರ ಪರಿಣಾಮ ಕಾಣುವುದು ಔಷಧಿ ಡಬ್ಬಿಯಲ್ಲಿ. ಡಿಎನ್ಎ ಹಾನಿ ಅಂದರೆ ಕಿಡಿ, ಕಿಡಿ ಅಂದರೆ ಆಂಟಿಆಕ್ಸಿಡೆಂಟ್ ಮಾತ್ರೆ ಅಂತ ತರ್ಕ ಓಡುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಈ ತರ್ಕವನ್ನು ಹೃದಯದ ವಿಷಯದಲ್ಲಿ ಪರೀಕ್ಷಿಸಿ ಆಗಿದೆ. ಹೋಪ್ ಅನ್ನುವ ಪ್ರಯೋಗದಲ್ಲಿ ಅಪಾಯ ಇರುವ ಸಾವಿರಾರು ಜನಕ್ಕೆ ದಿನಾ 400 ಯೂನಿಟ್ ವಿಟಮಿನ್ ಇ ಕೊಟ್ಟರು. 2000ದಲ್ಲಿ ಬಂದ ಫಲಿತಾಂಶ: ಹೃದಯಕ್ಕೆ ಲಾಭ ಇಲ್ಲ. ಇನ್ನೂ ಕೆಲವು ವರ್ಷ ಮುಂದುವರಿಸಿ 2005ರಲ್ಲಿ ನೋಡಿದಾಗ ಹೃದಯ ವೈಫಲ್ಯ ಸ್ವಲ್ಪ ಜಾಸ್ತಿಯೇ ಆಗಿತ್ತು. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೋಟಿನ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಏರಿತು ಅಂತ 1994ರಲ್ಲೇ ಗೊತ್ತಾಗಿತ್ತು.

ಬಯೋಟಿನ್‌ದು ಬೇರೆಯೇ ತಂಟೆ. ಕೂದಲು ಉದುರುತ್ತದೆ ಅಂತ ಹೈಪೋಥೈರಾಯ್ಡ್ ಇರುವವರು ಇದನ್ನು ಜಾಸ್ತಿ ತಗೊಳ್ಳುತ್ತಾರೆ. ದೊಡ್ಡ ಡೋಸಿನ ಬಯೋಟಿನ್ ಕೆಲವು ಲ್ಯಾಬ್ ಪರೀಕ್ಷೆಗಳನ್ನೇ ಅಡ್ಡದಾರಿಗೆ ಎಳೆದು, ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡೋಸು ಜಾಸ್ತಿಯಾಗಿದೆ ಅಂದುಕೊಂಡು ಮಾತ್ರೆ ಕಡಿಮೆ ಮಾಡಿದರೆ ಇರುವ ಕಾಯಿಲೆ ಇನ್ನಷ್ಟು ಬಿಗಡಾಯಿಸುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ಬಯೋಟಿನ್ ನಿಲ್ಲಿಸಿ ಅಂತ ಹೇಳುವುದು ಇದಕ್ಕೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೂ ನಷ್ಟ. ಹೊಟ್ಟೆಯಲ್ಲೇ ಹಾರ್ಮೋನನ್ನು ಹಿಡಿದಿಟ್ಟುಬಿಡುತ್ತವೆ. ನಡುವೆ ನಾಲ್ಕು ಗಂಟೆ ಬಿಡಬೇಕು.

ಸುದ್ದಿ ಓದಿ ಗಾಬರಿಯಾಗಿ ‘ಕೊಲೆಸ್ಟ್ರಾಲಿಗೂ ಏನಾದರೂ ಕೊಡಿ’ ಅನ್ನುವವರಿಗೆ ಸಂಬಂಧಿಸಿದ ಮಾತೊಂದು ಇದೆ. ಥೈರಾಯ್ಡ್ ಸರಿಮಾಡದೆ ಸ್ಟ್ಯಾಟಿನ್ ಶುರುಮಾಡಿದರೆ ಸ್ನಾಯು ನೋವು, ಸ್ನಾಯು ಹಾನಿ ಜಾಸ್ತಿ. ಮೊದಲು ಟಿಎಸ್‌ಎಚ್ ಹಾದಿಗೆ ಬರಲಿ. ಡೋಸು ಬದಲಿಸಿದ ಮೇಲೆ ಅದಕ್ಕೆ ಆರರಿಂದ ಎಂಟು ವಾರ ಬೇಕು, ಯಾಕೆಂದರೆ ಟಿ4 ರಕ್ತದಲ್ಲಿ ಅರ್ಧವಾಗಲು ಏಳು ದಿನ ಹಿಡಿಯುತ್ತದೆ. ಆಮೇಲೆ ಕೊಲೆಸ್ಟ್ರಾಲ್ ನೋಡಿದರೆ ಎಷ್ಟೋ ಜನಕ್ಕೆ ಅದು ತಾನಾಗಿ ಇಳಿದಿರುತ್ತದೆ.

ಕಾಮೆಟ್ ಪರೀಕ್ಷೆಯನ್ನೇ ಮಾಡಿಸಿಕೊಳ್ಳಬೇಕಾ? ಬೇಡ. ಬಾಲ ಇಷ್ಟಿದ್ದರೆ ಈ ಮಾತ್ರೆ, ಅಷ್ಟಿದ್ದರೆ ಆ ಮಾತ್ರೆ ಅನ್ನುವ ಪಟ್ಟಿ ಯಾವ ವೈದ್ಯರ ಹತ್ತಿರವೂ ಇಲ್ಲ.

## ಗಂಟು ಬಿಡಿಸುವ ಅಧ್ಯಯನ

ಇದು ಬಗೆಹರಿಯಬೇಕಾದರೆ ಒಂದೇ ಮನುಷ್ಯನ ಎರಡು ಸ್ಲೈಡು ಬೇಕು. ಚಿಕಿತ್ಸೆ ಶುರುಮಾಡುವ ಮೊದಲು ಒಂದು, ಟಿಎಸ್‌ಎಚ್ ಸರಿಹೋಗಿ ಕೆಲವು ತಿಂಗಳಾದ ಮೇಲೆ ಇನ್ನೊಂದು. ಎರಡನ್ನೂ ಒಂದೇ ದಿನ, ಒಂದೇ ಜೆಲ್ಲಿಯಲ್ಲಿ, ಯಾವುದು ಮೊದಲಿನದು ಅಂತ ಗೊತ್ತಿಲ್ಲದವರು ಅಳೆಯಬೇಕು. ಹಶಿಮೊಟೊ ಇರುವವರು ಒಂದು ಗುಂಪು, ಆಪರೇಶನ್ ಆದವರು ಇನ್ನೊಂದು ಗುಂಪು. ಬಾಲ ಎರಡೂ ಗುಂಪಿನಲ್ಲಿ ಕುಗ್ಗಿದರೆ ಕೊರತೆಯೇ ಕಾರಣ ಅನ್ನುವ ವಾದಕ್ಕೆ ಬಲ ಬರುತ್ತದೆ. ಆಪರೇಶನ್ ಆದವರಲ್ಲಿ ಬಾಲವೇ ಇಲ್ಲದೆ, ಹಶಿಮೊಟೊದವರಲ್ಲಿ ಮಾತ್ರ ಇದ್ದು, ಟಿಎಸ್‌ಎಚ್ ಸರಿಹೋದ ಮೇಲೂ ಹಾಗೇ ಉಳಿದರೆ ಅದು ಲಿಂಫೋಸೈಟುಗಳ ಜಗಳದ ಗುರುತು.

ಹೃದಯದ ಉತ್ತರಕ್ಕೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ಎಲ್‌ಡಿಎಲ್, ಬಿಪಿ, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ತಗೊಂಡ ಮೇಲೂ, ಉದ್ದ ಬಾಲದವರಿಗೇ ಹೆಚ್ಚು ಹಾರ್ಟ್ ಅಟ್ಯಾಕ್ ಆಗುತ್ತದಾ ಅಂತ ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು. ಮುಂದಿನ ಸಲ ಇಂಥ ತಲೆಬರಹ ಬಂದಾಗ ಎಷ್ಟು ಜನರನ್ನು ನೋಡಿದರು ಅನ್ನುವುದಕ್ಕಿಂತ ಮೊದಲು, ಎಷ್ಟು ಸಲ ನೋಡಿದರು ಅಂತ ಹುಡುಕಿ.